ಏರಿಳಿಯುವ ದಡದಲ್ಲಿ ಅಕ್ಟೋಬರ್

ಅಕ್ಟೋಬರ್ ಬಂತೆಂದರೆ ಇಟಲಿಯ ನೇಪಲ್ಸ್ ಕೊಲ್ಲಿಯ ದಡದಲ್ಲಿ ಬಾಡಿಗೆ ಕೊಡೆಗಳನ್ನು ಮಡಿಸಿ, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಇಡುತ್ತಾರೆ. ಆಗಸ್ಟಿನಲ್ಲಿ ಕಾಲಿಡಲು ಜಾಗವಿಲ್ಲದ ಕಡೆ ಈಗ ಗಾಳ ಹಾಕಿ ಕುಳಿತ ಮುದುಕರು, ಅವರ ಸುತ್ತ ಆಸೆಯಿಂದ ಸುಳಿಯುವ ಬೆಕ್ಕುಗಳು. ಹೋಟೆಲುಗಳ ದರವೂ ಇಳಿದಿರುತ್ತದೆ. ಕರ್ನಾಟಕದ ಶಾಲೆಗಳಿಗೆ ದಸರಾ ರಜೆ ಬೀಳುವುದೂ ಹೆಚ್ಚುಕಡಿಮೆ ಈ ಹೊತ್ತಿಗೇ ಎಂಬುದನ್ನು ದೂರದ ಪ್ರವಾಸಕ್ಕೆಂದು ದುಡ್ಡು ಕೂಡಿಡುವ ತಂದೆತಾಯಿಯರು ನೆನಪಿಟ್ಟುಕೊಳ್ಳಬಹುದು.

ಆ ದಿನಗಳಲ್ಲಿ ನೀರಿಗಿಳಿದವರಿಗೆ ಮೊದಲು ಆಗುವುದು ಆಶ್ಚರ್ಯ. ಮುಂಜಾನೆಯ ಗಾಳಿಗೆ ಸ್ವೆಟರ್ ಬೇಕು; ಸಮುದ್ರ ಮಾತ್ರ ಇನ್ನೂ ಬೆಚ್ಚಗೆ, ಸುಮಾರು 21 ಡಿಗ್ರಿ. ಒಂದು ಕಿಲೋ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖದ ನಾಲ್ಕು ಪಟ್ಟು ಒಂದು ಕಿಲೋ ನೀರಿಗೆ ಬೇಕು. ಬೇಸಿಗೆಯೆಲ್ಲ ಹಾಗೆ ಗಳಿಸಿದ್ದನ್ನು ಕಡಲು ಜಿಪುಣನ ಹಾಗೆ ಸ್ವಲ್ಪಸ್ವಲ್ಪವೇ ಬಿಡುತ್ತದೆ. ಈ ಬಿಸುಪು ಒಮ್ಮೊಮ್ಮೆ ಮುಳುವಾಗುವುದೂ ಉಂಟು. ಬೆಚ್ಚನೆಯ ನೀರಿನಿಂದ ಎದ್ದ ಆವಿ ಗುಡ್ಡಕ್ಕೆ ತಾಗಿ ಜಡಿಮಳೆಯಾಗಿ ಸುರಿಯುತ್ತದೆ. 2022ರ ನವೆಂಬರ್ 26ರಂದು ಇಸ್ಕಿಯಾ ದ್ವೀಪದ ಕಸಾಮಿಚೋಲಾದಲ್ಲಿ ಗುಡ್ಡ ಜಾರಿ 12 ಮಂದಿ ಸತ್ತದ್ದು ಶರತ್ಕಾಲದ ಅಂಥ ಮಳೆಯಲ್ಲೇ.

ಆ ದ್ವೀಪಕ್ಕೆ ಹಡಗು ಹೊರಡುವ ಬಂದರುಗಳಲ್ಲಿ ಒಂದು ಪೊತ್ಸುವೋಲಿ. ನೇಪಲ್ಸಿನಿಂದ ಸ್ಥಳೀಯ ರೈಲಿನಲ್ಲಿ ಹೋಗಬಹುದಾದ ಊರು. ಕರ್ನಾಟಕದ ಯಾವುದೇ ಸಿಮೆಂಟ್ ಅಂಗಡಿಯಲ್ಲಿ ಪಿ.ಪಿ.ಸಿ. ಎಂದು ಬರೆದ ಚೀಲ ಸಿಗುತ್ತದಷ್ಟೆ. ಅದರ ನಡುವಿನ 'ಪಿ', ಅಂದರೆ ಪೊಝೊಲಾನಾ, ಈ ಊರಿನ ಹೆಸರಿನಿಂದಲೇ ಬಂದದ್ದು. ಇಲ್ಲಿನ ಜ್ವಾಲಾಮುಖಿ ಬೂದಿಯನ್ನು ಸುಣ್ಣಕ್ಕೆ ಬೆರೆಸಿ ರೋಮನರು ನೀರೊಳಗೂ ಗಟ್ಟಿಯಾಗುವ ಗಾರೆ ಮಾಡುತ್ತಿದ್ದರು.

ಬಂದರಿನಿಂದ ನಾಲ್ಕು ಹೆಜ್ಜೆ ನಡೆದರೆ ರೋಮನರ ಕಾಲದ ಸಂತೆಕಟ್ಟೆ. ಸೆರಾಪಿಸ್ ದೇವರ ವಿಗ್ರಹ ಸಿಕ್ಕಿದ್ದರಿಂದ ಬಹುಕಾಲ ಅದನ್ನು ದೇವಸ್ಥಾನವೆಂದೇ ತಿಳಿದಿದ್ದರು. ಅಲ್ಲಿ ಇನ್ನೂ ನಿಂತಿರುವ ಮೂರು ಅಮೃತಶಿಲೆಯ ಕಂಬಗಳನ್ನು ವಿದ್ಯಾರ್ಥಿಗಳು ನಿಧಾನವಾಗಿ ನೋಡಬೇಕು. ಬುಡ ನಯವಾಗಿದೆ. ಎರಡಾಳೆತ್ತರ ದಾಟಿದ ಮೇಲೆ ಮಾತ್ರ ಹುಳು ತಿಂದ ತೊಲೆಯಂತೆ ತೂತುಗಳ ಒಂದು ಪಟ್ಟಿ. ಕೊರೆದದ್ದು ಸಮುದ್ರದ ಚಿಪ್ಪುಜೀವಿ. ನೆಲದ ಮೇಲೆ ಅಷ್ಟೆತ್ತರದಲ್ಲಿ ಅದು ಹೇಗೆ ಬಂತು? ಕಂಬ ನಿಂತ ನೆಲವೇ ಕಡಲಿನೊಳಕ್ಕೆ ಇಳಿದು, ಬುಡ ಮಣ್ಣಿನಲ್ಲಿ ಹೂತು, ಶತಮಾನಗಳ ಮೇಲೆ ಮತ್ತೆ ಎದ್ದಿತ್ತು. ಕಂಬಗಳು ಮಾತ್ರ ಬೀಳಲಿಲ್ಲ. ಭೂಮಿ ಹೀಗೆ ಮೆಲ್ಲಮೆಲ್ಲನೆಯೂ ಬದಲಾಗುತ್ತದೆ ಎನ್ನುವುದಕ್ಕೆ ಚಾರ್ಲ್ಸ್ ಲಯಲ್ ಈ ಕಂಬಗಳನ್ನೇ ಸಾಕ್ಷಿ ಮಾಡಿ, 1830ರ ತಮ್ಮ ಭೂವಿಜ್ಞಾನ ಗ್ರಂಥದ ಮುಖಚಿತ್ರವಾಗಿ ಅಚ್ಚು ಹಾಕಿಸಿದರು. ಬೀಗಲ್ ಹಡಗು ಹತ್ತಿದ ಡಾರ್ವಿನ್ನರ ಬಳಿ ಇದ್ದದ್ದು ಆ ಸಂಪುಟ. ಪಠ್ಯಪುಸ್ತಕದ ಹತ್ತು ಪುಟ ಹೇಳಲಾರದ್ದನ್ನು ಈ ತೂತುಗಳು ಹೇಳುತ್ತವೆ.

ಪಕ್ಕದ ಬೈಯಾದಲ್ಲಿ ರೋಮಿನ ಸಿರಿವಂತರ ವಿಹಾರಗೃಹಗಳು ಮುಳುಗಿದವು, ಮೇಲೇಳಲೇ ಇಲ್ಲ. ಗಾಜಿನ ತಳದ ದೋಣಿಯಲ್ಲಿ ಕುಳಿತು ಗೋಡೆಗಳನ್ನು ನೋಡಬಹುದು, ಹಿಂದಿನ ದಿನ ಮಳೆ ಬಂದು ನೀರು ಕದಡಿರದಿದ್ದರೆ.

ಆದರೆ ಪೊತ್ಸುವೋಲಿಯ ಏರಿಳಿತ ಮುಗಿದುಹೋದ ಇತಿಹಾಸವಲ್ಲ. ಊರು ನಿಂತಿರುವುದೇ ಕಾಂಪಿ ಫ್ಲೆಗ್ರೆಯಿ ಎಂಬ ಜ್ವಾಲಾಮುಖಿಯ ವಿಶಾಲ ಕುಳಿಯ ಮೇಲೆ. 1538ರ ಸೆಪ್ಟೆಂಬರ್ ಕೊನೆಯಲ್ಲಿ ನೆಲ ಬಿರಿದು, ಕೆಲವೇ ದಿನಗಳಲ್ಲಿ ಒಂದು ಬೆಟ್ಟ ಹುಟ್ಟಿತು. ಅದರ ಹೆಸರೇ ಮೊಂತೆ ನುವೋವೊ, ಹೊಸ ಬೆಟ್ಟ. 1982ರಿಂದ 84ರೊಳಗೆ ನೆಲ ಸುಮಾರು 1.8 ಮೀಟರ್ ಎದ್ದಿತು. 1983ರ ಅಕ್ಟೋಬರಿನ ಕಂಪನದ ನಂತರ ಸುಮಾರು 40 ಸಾವಿರ ಜನರನ್ನು ಮನೆ ಬಿಡಿಸಿದರು. ಬೆಟ್ಟ ಹುಟ್ಟಲಿಲ್ಲ, ಬೆಂಕಿ ಬರಲಿಲ್ಲ, ನೆಲ ಇಳಿಯತೊಡಗಿತು. ಬಿಟ್ಟ ಮನೆಗೆ ಬಹಳ ಮಂದಿ ಮರಳಲೇ ಇಲ್ಲ. ಹಾಗೆಂದು ಸುಮ್ಮನೆ ಎಬ್ಬಿಸಿದರು ಎನ್ನಲಾದೀತೆ? 2005ರಿಂದ ನೆಲ ಮತ್ತೆ ಏರತೊಡಗಿ, 2025ರ ಹೊತ್ತಿಗೆ ಒಂದೂಕಾಲು ಮೀಟರಿಗೂ ಹೆಚ್ಚು ಎದ್ದಿದೆ. 2024ರ ಮೇ 20ರಂದು 4.4, 2025ರ ಜೂನ್ 30ರಂದು 4.6 ಪ್ರಮಾಣದ ಕಂಪನಗಳಾದವು. 1841ರಲ್ಲಿ ಸ್ಥಾಪನೆಯಾದ ವೆಸೂವಿಯಸ್ ವೀಕ್ಷಣಾಲಯ ಹಗಲಿರುಳು ಅಳೆಯುತ್ತದೆ. ಮುಂದೇನೆಂದು ದಿನಾಂಕ ಹಾಕಿ ಹೇಳಲು ಯಾವ ಉಪಕರಣಕ್ಕೂ ಸಾಧ್ಯವಿಲ್ಲ.

ಅಪಾಯವಲಯದಲ್ಲಿ ಸುಮಾರು 5 ಲಕ್ಷ ಜನರಿದ್ದಾರೆ. ಊರು ಬಿಡಬಾರದೆ ಎಂದು ಎರಡು ದಿನಕ್ಕೆ ಬಂದವರು ಕೇಳುವುದು ಸುಲಭ. ದೊಡ್ಡ ಕಂಪನವಾದ ಮರುದಿನ ಶಾಲೆ ಮುಚ್ಚಿ ಗೋಡೆಗಳನ್ನು ತಪಾಸಣೆ ಮಾಡುತ್ತಾರೆ, ಆಮೇಲೆ ಅದೇ ಗೋಡೆಗಳ ನಡುವೆ ಪಾಠ. ಮಗುವನ್ನು ಗೇಟಿನವರೆಗೆ ಬಿಟ್ಟುಬರುವ ತಾಯಿಗೆ ಅಂದಿನ ಬೆಳಗು ಹೇಗಿದ್ದೀತು!

ಜನಸಂದಣಿ ಕರಗಿದ ಅಕ್ಟೋಬರಿನಲ್ಲಿ ಇದೆಲ್ಲ ಕಣ್ಣಿಗೆ ಬೀಳುತ್ತದೆ. ಬೆಸ್ತರ ಹಳೆಯ ಪುಟ್ಟ ಬಂದರಿನ ತಳವೇ ಮೇಲೆದ್ದಿದೆ. ಇಳಿತದ ಹೊತ್ತಿಗೆ ಸಣ್ಣ ದೋಣಿಗಳು ಕೆಸರಿನಲ್ಲಿ ಪಕ್ಕಕ್ಕೆ ವಾಲಿಕೊಂಡಿರುತ್ತವೆ. ದಡದ ಗೋಡೆಯ ಮೇಲೆ, ಈಗ ನೀರು ಮುಟ್ಟದ ಎತ್ತರದಲ್ಲಿ, ಹಿಂದೆ ನೀರು ನಿಲ್ಲುತ್ತಿದ್ದ ಕಪ್ಪು ಗೆರೆ ಕಾಣುತ್ತದೆ.