ಕಂತಿನ ಪಾದಯಾತ್ರೆ

ಶಿವರಾತ್ರಿ ಹೊತ್ತಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಜನ ಸಾಲುಗಟ್ಟಿ ನಡೆಯುತ್ತಾರಲ್ಲ, ನಾವು ಆ ಪೈಕಿ ಅಲ್ಲ. ಒಟ್ಟಿಗೆ ಅಷ್ಟು ರಜೆ ಯಾರು ಕೊಡುತ್ತಾರೆ? ಬಿಡುವು ಸಿಕ್ಕಾಗ ಒಂದಷ್ಟು ದೂರ ನಡೆಯೋದು, ನಿಂತ ಊರಿಂದ ಬಸ್ಸು ಹತ್ತಿ ಮನೆಗೆ ಬರೋದು, ಮುಂದಿನ ಸಲ ಅಲ್ಲೇ ಇಳಿದು ಮತ್ತೆ ಹೆಜ್ಜೆ ಹಾಕೋದು. "ಹರಕೇನ ಕಂತಿನಲ್ಲಿ ತೀರಿಸೋರನ್ನ ನಿಮ್ಮನ್ನೇ ನೋಡಿದ್ದು" ಅಂತ ಅಜ್ಜಿ ನಗುತ್ತಿದ್ದಳು. ಹಾಗೂ ಹೀಗೂ ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ ದಾಟಿ ಹಾಸನ ಮುಟ್ಟಿದೆವು. ಅಲ್ಲಿತನಕ ಹೆದ್ದಾರಿ ಹಿಡಿದರೆ ಆಯಿತು. ಹಾಸನದಲ್ಲಿ ತಕರಾರು ಶುರು: ಘಟ್ಟ ಇಳಿಯೋದು ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ?

ಪಂಚಾಯ್ತಿ ಕೂತಿದ್ದು ಸೋದರಮಾವನ ಮನೆ ಜಗಲಿ ಮೇಲೆ. ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಒಳಗಿಂದ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಬರುತ್ತಲೇ ಇತ್ತು. ಜೊತೆಗೆ ಎಣ್ಣೆಗಾಯಿ ಇತ್ತೋ ಕಾಳುಸಾರೋ, ಈಗ ನೆನಪಿಲ್ಲ. ಚಟ್ನಿ ಮಾತ್ರ ನಾಲಗೆ ಮೇಲೇ ಇದೆ. ಹುಚ್ಚೆಳ್ಳು ಹುರಿಯುವಾಗ ಚೂರು ಹೆಚ್ಚಾದರೂ ಕಹಿಯಂತೆ, ಅತ್ತೆ ಹೇಳಿದ್ದು. ಅದಿರಲಿ.

ಮಾವನಿಗೆ ಅಡಿಕೆ ಹೋಳಿಲ್ಲದೆ ವಾದ ಮಾಡೋಕೆ ಬಾರದು. ನೆಲದ ಮೇಲೆ ಒಂದೊಂದೇ ಹೋಳು ಇಟ್ಟರು. "ಇದು ಸಕಲೇಶಪುರ, ಇದು ದೋಣಿಗಾಲ್, ಇದು ಮಾರನಹಳ್ಳಿ, ಇಳಿದರೆ ಗುಂಡ್ಯ. ಮುಂದೆ ಪೆರಿಯಶಾಂತಿಯಲ್ಲಿ ಬಲಕ್ಕೆ ತಿರುಗು, ಕೊಕ್ಕಡ, ಆಮೇಲೆ ಧರ್ಮಸ್ಥಳ. ನೇರ ದಾರಿ ಕಣೋ!"

"ಹೂಂ, ಮಂಗಳೂರಿನ ಟ್ಯಾಂಕರು, ಲಾರಿ ಪಕ್ಕ ನಡೀಲಿ ಹುಡುಗ್ರು" ಅಂದ ಅತ್ತೆ, ಬಗ್ಗಿ ದೋಣಿಗಾಲನ್ನೂ ಮಾರನಹಳ್ಳಿಯನ್ನೂ ಎತ್ತಿ ಎಲೆ ಜೊತೆ ಬಾಯಿಗೆ ಹಾಕಿಕೊಂಡರು. ಮಾವನ ದಾರಿ ಅಲ್ಲಿಗೆ ಕಡಿದುಹೋಯಿತು. ನಮ್ಮಲ್ಲೊಬ್ಬ ಬಿಸ್ಲೆ ಅಂತ ಬಾಯಿಬಿಟ್ಟ, ಆನೆ ಸುದ್ದಿ ಕೇಳಿ ಮುಚ್ಚಿಕೊಂಡ.

ನಮ್ಮ ಲೆಕ್ಕವೇ ಬೇರೆ ಇತ್ತು. ಕಂತಿನಲ್ಲಿ ನಡೆಯುವವರಿಗೆ ದೂರಕ್ಕಿಂತ ಎಲ್ಲಿ ನಿಲ್ಲಿಸಬಹುದು ಅನ್ನೋದೇ ಮುಖ್ಯ. ಮಾರನಹಳ್ಳಿ ದಾಟಿದರೆ ಗುಂಡ್ಯದವರೆಗೆ ಕಾಡು, ಕೆಂಪುಹೊಳೆ. ನಡುವೆ ಕಾಲು ಸೋತರೆ ಕೂರಲು ಜಾಗವಿಲ್ಲ. ಈ ಕಡೆ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಎಲ್ಲಿ ನಿಲ್ಲಿಸಿದರೂ ಬಸ್ಸುಂಟು. 20 ಕಿ.ಮೀ.ಗೂ ಮಿಕ್ಕಿದ ಘಟ್ಟವನ್ನು ಕೊನೇ ಕಂತಿಗೆ ಉಳಿಸಿಕೊಂಡು, ದಣಿವಾರಿಸಿಕೊಂಡು ಬಂದು ಇಳಿಯಬಹುದು. ಹಾಗಾಗಿ ಚಾರ್ಮಾಡಿಯೇ ಗೆದ್ದಿತು.

ಮೂಡಿಗೆರೆ ದಾರಿಯಲ್ಲಿ ಹೂಮಳೆ ಬಿದ್ದು ಕಾಫಿತೋಟವೆಲ್ಲ ಬೆಳ್ಳಗೆ ಅರಳಿತ್ತು, ಮಲ್ಲಿಗೆಯದೇ ವಾಸನೆ. ಕೊಟ್ಟಿಗೆಹಾರದ ನೀರುದೋಸೆ ಎಷ್ಟು ತಿಂದೆವೋ ಕೇಳಬೇಡಿ. ಕೊನೇ ಕಂತಿನಲ್ಲಿ ನಸುಕಿಗೇ ಅಲ್ಲಿಂದ ಹೊರಟೆವು. ಅಣ್ಣಪ್ಪನ ಗುಡಿಯಲ್ಲಿ ಕಾಯಿ ಒಡೆದು ಇಳಿದೇ ಇಳಿದೆವು. ಏರಿಗಿಂತ ಇಳಿಜಾರು ಮಂಡಿಗೆ ವೈರಿ. ಕೆಳಗೆ ಚಾರ್ಮಾಡಿ ಮುಟ್ಟಿದಾಗ ಸೆಕೆ ಅಂದರೆ ಸೆಕೆ, ಅಂಗಿ ಮೈಗಂಟಿತ್ತು. ಕಕ್ಕಿಂಜೆ, ಮುಂಡಾಜೆ, ಉಜಿರೆ ಹೇಗೆ ದಾಟಿದೆವೋ, ನಡುವೆ ಯಾರೋ ಪುಣ್ಯಾತ್ಮರು ಮಜ್ಜಿಗೆ ಕೊಟ್ಟಿದ್ದಷ್ಟೇ ಜ್ಞಾಪಕ.

ನೇತ್ರಾವತಿ ಸ್ನಾನಘಟ್ಟದಲ್ಲಿ ನೋಡಿದರೆ ಮಾವ! ಶಿರಾಡಿ ಮೇಲೆ ಬಸ್ಸಿನಲ್ಲಿ ಬಂದು, ಮಿಂದು, ಪಂಚೆ ಒಣಗಹಾಕಿ ಕೂತಿದ್ದರು. "ಹೇಳ್ಲಿಲ್ವೇನೋ, ನೇರ ದಾರಿ ಅಂತ?"