ಉಗ್ಗುವವನ ಅರ್ಜಿ

ಅರ್ಜಿ ಬರೆಯುವ ವಿದ್ಯೆಯು ನಮ್ಮ ನಾಡಿನಲ್ಲಿ ಬಹುಕಾಲದಿಂದ ಬೆಳೆದು ಬಂದುದು. ಕಂದಾಯದ ಮಾಫಿಗೋ ಬಾವಿಯ ಸಾಲಕ್ಕೋ ಮಗನ ವರ್ಗಕ್ಕೋ ಬರೆದ ಅರ್ಜಿಯನ್ನು ಒಮ್ಮೆ ಓದಿದವರಿಗೂ ಅದರ ಧಾಟಿಯು ತಿಳಿದೇ ಇರುತ್ತದೆ. ಬೇಡುವವನು ತನ್ನನ್ನು ಸಾಧ್ಯವಾದಷ್ಟು ಕುಗ್ಗಿಸಿಕೊಂಡು, ಕೊಡುವವರನ್ನು ಸಾಧ್ಯವಾದಷ್ಟು ಹಿಗ್ಗಿಸಿ, ಮನೆಯಲ್ಲಿ ಉಣ್ಣುವವರ ಸಂಖ್ಯೆಯನ್ನು ನಿವೇದಿಸಿ, ಕೆಳಗೆ ರುಜು ಹಾಕುತ್ತಾನೆ. ಅಮೆರಿಕಾದ ವಿಶ್ವವಿದ್ಯಾಲಯಗಳಿಗೆ ಹೋಗತಕ್ಕ ಅರ್ಜಿಯು ಇದಕ್ಕೆ ತೀರ ವಿಪರೀತವಾದುದು. ಅಲ್ಲಿ ಬೇಡುವವನು ಕುಗ್ಗುವಂತಿಲ್ಲ. ತಾನು ಎಂತಹವನು, ಈ ವಿದ್ಯೆಯೇ ತನಗೆ ಏತಕ್ಕೆ ಬೇಕು, ತನ್ನಿಂದ ಆ ವಿದ್ಯೆಗೆ ಏನು ಲಾಭ ಎಂಬುದನ್ನು ಒಂದೆರಡು ಪುಟಗಳಲ್ಲಿ ತಾನೇ ಹೇಳಿಕೊಳ್ಳಬೇಕು. ಆತ್ಮಸ್ತುತಿಯು ಮರಣಕ್ಕೆ ಸಮಾನವೆಂದು ಕೇಳಿ ಬೆಳೆದ ಮನೆಗಳ ಮಕ್ಕಳಿಗೆ ಈ ಎರಡು ಪುಟಗಳು ಉಳಿದೆಲ್ಲ ಪರೀಕ್ಷೆಗಳಿಗಿಂತಲೂ ಕಠಿನ.

ಹಾಸನದ ಸೀಮೆಯಿಂದ ಬಂದು ಮೈಸೂರಿನಲ್ಲಿ ವಾಕ್-ಶ್ರವಣ ಶಾಸ್ತ್ರದ ಪದವಿ ತರಗತಿಯ ಕಡೆಯ ವರ್ಷದಲ್ಲಿದ್ದ ಒಬ್ಬ ತರುಣನು ಈ ಪುಟಗಳ ಎದುರಿಗೆ ಮೂರು ವಾರ ಕುಳಿತನು. ಅವನು ಬಯಸಿದ್ದುದು ವಾಕ್‌ಚಿಕಿತ್ಸೆಯಲ್ಲಿ ಸ್ನಾತಕೋತ್ತರ ವ್ಯಾಸಂಗವನ್ನು. ವಯಸ್ಸಾದರೂ ಮಾತು ಬಾರದ ಮಗು, ಅಂಗುಳ ಸೀಳಿದ್ದರಿಂದ ಮೂಗಿನಲ್ಲಿ ನುಡಿಯುವ ಬಾಲಕಿ, ಲಕ್ವ ಹೊಡೆದು ನುಡಿ ಕಳೆದುಕೊಂಡ ಮುದುಕ, ಪಾಠ ಹೇಳಿ ಹೇಳಿ ಗಂಟಲು ಒಡೆದ ಉಪಾಧ್ಯಾಯಿನಿ, ಗುಟುಕು ನೀರನ್ನು ಕೂಡ ನುಂಗಲಾರದ ರೋಗಿ, ಇವರೆಲ್ಲರೂ ಆ ಶಾಸ್ತ್ರದ ಆರೈಕೆಗೆ ಸೇರಿದವರು. ಉಗ್ಗುವವರೂ ಸೇರಿದವರು. ತರುಣನು ತಾನೇ ಉಗ್ಗುವವನು. ಇದನ್ನು ಅರ್ಜಿಯಲ್ಲಿ ಬರೆಯಬೇಕೆ, ಬಿಡಬೇಕೆ ಎಂಬುದೇ ಆ ಮೂರು ವಾರಗಳ ಚಿಂತೆ.

ಉಗ್ಗು ಎಂದರೆ ಬರಿಯ ನಾಲಿಗೆಯ ತೊಡಕೆಂದು ತಿಳಿದವರು ಅನೇಕರು. ಉಗ್ಗುವವನ ದಿನಚರಿಯನ್ನು ಅವರು ಕಂಡಿರಲಾರರು. ಈ ತರುಣನಿಗೆ ಹೋಟೆಲಿನಲ್ಲಿ ದೋಸೆ ತಿನ್ನುವ ಆಸೆಯಿದ್ದರೂ ‘ದ’ಕಾರವು ಬಾಯಿಗೆ ಅಡ್ಡ ನಿಲ್ಲುವುದೆಂಬ ಭಯದಿಂದ ಇಡ್ಲಿಯನ್ನೇ ತರಿಸಿ ತಿನ್ನುತ್ತಿದ್ದನು. ಬಸ್ಸಿನಲ್ಲಿ ತನ್ನ ಊರಿನ ಹೆಸರು ಹೊರಡದಿದ್ದಾಗ, ಅದರಾಚೆಯ ಊರಿನ ಹೆಸರು ಸುಲಭವಾದುದರಿಂದ, ಅಲ್ಲಿಗೆ ಹೆಚ್ಚು ಹಣ ತೆತ್ತು ಟಿಕೀಟು ಪಡೆದು, ತನ್ನ ಊರಿನಲ್ಲಿ ಇಳಿದುಬಿಡುತ್ತಿದ್ದನು. ಎಲ್ಲಕ್ಕಿಂತ ಕಷ್ಟವಾದುದು ಸ್ವಂತ ಹೆಸರು. ಬೇರೆ ಮಾತಿಗೆ ಬದಲು ಮಾತು ಸಿಕ್ಕೀತು. ಹೆಸರಿಗೆ ಬದಲು ಹೆಸರು ಎಲ್ಲಿಂದ ತರುವುದು? ಮನೆಯವರು ಮಾಡದ ಉಪಚಾರವಿಲ್ಲ. ಅಜ್ಜಿಯು ಬಜೆಯನ್ನು ತೇದು ನಾಲಿಗೆಗೆ ಸವರಿದಳು. ತಾಯಿಯು ಶೃಂಗೇರಿಯ ಶಾರದೆಗೆ ಹರಕೆ ಹೊತ್ತಳು. ಶಾಲೆಯ ಮೇಷ್ಟರೊಬ್ಬರು ಗ್ರೀಸ್ ದೇಶದ ಡೆಮಾಸ್ತನೀಸನ ಕಥೆಯನ್ನು ಹೇಳಿ, ಬೆಣಚುಕಲ್ಲುಗಳನ್ನು ಬಾಯಲ್ಲಿಟ್ಟುಕೊಂಡು ಪದ್ಯ ಹೇಳಿಸಿದರು. ತಂದೆಯು ಮಾತ್ರ “ನೆಟ್ಟಗೆ ಮಾತಾಡೋ” ಎಂದು ಗದರುತ್ತಿದ್ದನು. ಅಂಗಡಿ ವ್ಯಾಪಾರದವನಾದ ಅವನಿಗೆ ಮಾತು ನಿಂತರೆ ಗಿರಾಕಿ ನಿಲ್ಲುವುದಿಲ್ಲವೆಂಬುದು ಅನುಭವದಿಂದ ತಿಳಿದಿತ್ತು.

ಇಂತಹವನಿಗೆ ಮೈಸೂರು ದೊರೆತುದು ಭಾಗ್ಯ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿ ಸ್ಥಾಪಿತವಾದುದು. ಕನ್ನಡದ ನಾಟಕಕಾರರಲ್ಲಿ ಒಬ್ಬರಾದ ನ. ರತ್ನ ಅವರು ಅದರ ನಿರ್ದೇಶಕರಾಗಿದ್ದರೆಂಬುದು ಸಾಹಿತ್ಯಾಸಕ್ತರು ನೆನೆಯತಕ್ಕ ಸಂಗತಿ; ಮಾತನ್ನು ರಂಗದ ಮೇಲೆ ನಿಲ್ಲಿಸಿದವರೇ ಮಾತಿಲ್ಲದವರ ಮನೆಯನ್ನೂ ನಡೆಸಿದರು. ಭಾರತ ಪುನರ್ವಸತಿ ಪರಿಷತ್ತಿನ 1992ರ ಕಾಯಿದೆಯ ಮೇಲೆ ಈ ವೃತ್ತಿಗೆ ನೋಂದಣಿಯೂ ಏರ್ಪಟ್ಟಿತು. ಮೈಸೂರಿನಲ್ಲಿಯೇ ಸ್ನಾತಕೋತ್ತರ ತರಗತಿಯುಂಟು. ಅದಕ್ಕೆ ಪ್ರವೇಶ ಪರೀಕ್ಷೆಯನ್ನು ಬರೆಯಬೇಕು. ಕೊಟ್ಟ ಉತ್ತರಗಳಲ್ಲಿ ಸರಿಯಾದುದನ್ನು ಗುರುತಿಸಬೇಕು. ಅಲ್ಲಿ ‘ನೀನು ಯಾರು’ ಎಂದು ಯಾರೂ ಕೇಳುವುದಿಲ್ಲ. ನಾಚಿಕೆಯ ಸ್ವಭಾವದವನಿಗೆ ಇದರಲ್ಲಿ ಒಂದು ನೆಮ್ಮದಿಯಿದೆ. ಆದರೆ ತರುಣನಿಗೆ ಅಮೆರಿಕಾದ ಅಯೋವಾ ಎಂಬ ಹೆಸರು ಪಠ್ಯಪುಸ್ತಕಗಳಲ್ಲಿ ಕಂಡು ಕಂಡು ಯಾತ್ರಾಸ್ಥಳದಂತಾಗಿತ್ತು.

ಅಲ್ಲಿಗೆ ಹೋಗುವ ಸಾಹಿತ್ಯಸಾಮಗ್ರಿ ಅಲ್ಪವಲ್ಲ. ಅಂಕಪಟ್ಟಿಗಳನ್ನು ಅಲ್ಲಿಯ ಲೆಕ್ಕಕ್ಕೆ ಪರಿವರ್ತಿಸಿ ತೋರಿಸಬೇಕು. ಜೀವಶಾಸ್ತ್ರ, ಭೌತ ಅಥವಾ ರಸಾಯನ ಶಾಸ್ತ್ರ, ಸಂಖ್ಯಾಶಾಸ್ತ್ರ, ಸಮಾಜವಿಷಯ ಇವುಗಳನ್ನು ಓದಿರಬೇಕು. ಸಾಮಾನ್ಯವಾಗಿ ಮೂವರು ಗುರುಗಳ ಶಿಫಾರಸು ಪತ್ರಗಳು ಬೇಕು. ಪರದೇಶದವರಿಗೆ ಇಂಗ್ಲಿಷ್ ಪರೀಕ್ಷೆಯು ಬೇರೆ. ಅದರಲ್ಲಿ ಯಂತ್ರದ ಎದುರಿಗೆ, ಓಡುವ ಗಡಿಯಾರವನ್ನು ನೋಡುತ್ತ, ಉತ್ತರವನ್ನು ನುಡಿದು ಒಪ್ಪಿಸುವ ಭಾಗವೊಂದು. ಉಗ್ಗುವವನಿಗೆ ಗಡಿಯಾರದಷ್ಟು ಕ್ರೂರವಾದ ಶ್ರೋತೃವು ಮತ್ತೊಂದಿಲ್ಲ. ವೈದ್ಯರ ದಾಖಲೆಯನ್ನು ಮೊದಲೇ ಒಪ್ಪಿಸಿ ವಿಶೇಷ ಸೌಕರ್ಯವನ್ನು ಕೇಳಿಕೊಳ್ಳಲು ಅವಕಾಶವುಂಟು; ಹಾಗೆ ಕೇಳುವುದೂ ಇನ್ನೊಂದು ಅರ್ಜಿಯೇ. ಇವೆಲ್ಲವೂ ಹೇಗೋ ಮುಗಿದುವು. ಆ ಎರಡು ಪುಟಗಳು ಉಳಿದುವು.

ಸ್ನೇಹಿತರ ಸಲಹೆಗಳು ಎರಡು ಪಕ್ಷಗಳಾದುವು. ಉಗ್ಗನ್ನೇ ಮೊದಲ ವಾಕ್ಯದಲ್ಲಿಡು, ಓದುವವರ ಮನಸ್ಸು ಕರಗುತ್ತದೆ ಎಂದು ಒಂದು ಪಕ್ಷ. ಚಿಕಿತ್ಸಕನೇ ರೋಗಿಯೆಂದು ತಿಳಿದರೆ ಯಾರು ಸೇರಿಸಿಕೊಳ್ಳುತ್ತಾರೆ ಎಂದು ಮತ್ತೊಂದು. ಇಬ್ಬರ ದೃಷ್ಟಿಯೂ ಓದುವವರ ಮೇಲಿತ್ತೇ ಹೊರತು ನಿಜದ ಮೇಲೆ ಇರಲಿಲ್ಲ. ಶಿಫಾರಸು ಬರೆಯಬೇಕಾಗಿದ್ದ ಅಧ್ಯಾಪಕಿಯು ನೇರವಾಗಿ ಕೇಳಿದರು: “ನಿನ್ನ ಉಗ್ಗಿನ ವಿಚಾರ ನಾನು ಬರೆಯಲೋ, ನೀನೇ ಬರೆಯುತ್ತೀಯೋ? ನೀನು ಬರೆಯದೆ ನಾನು ಬರೆದರೆ ಚೆನ್ನಾಗಿರುವುದಿಲ್ಲ.” ಅವನು “ಯೋಚಿಸಿ ಹೇಳುತ್ತೇನೆ, ಮೇಡಂ” ಎಂದನು. ಮನೆಗೆ ಫೋನು ಮಾಡಿದಾಗ ತಂದೆಯು ಹೇಳಿದ ಮಾತು ಮಾತ್ರ ಯಾವ ಪಕ್ಷಕ್ಕೂ ಸೇರಲಿಲ್ಲ. “ಅದನ್ನ ಯಾಕಪ್ಪ ಬರೀತೀಯ? ನಾನು ಬೈದಿದ್ದರಿಂದಲೇ ಹಿಂಗಾಯ್ತು ಅಂತಾರೆ.”

ತಂದೆಯ ಈ ಅಂಜಿಕೆಗೆ ಶಾಸ್ತ್ರದ ಚರಿತ್ರೆಯಲ್ಲಿ ಆಧಾರವುಂಟೆಂಬುದು ಆಶ್ಚರ್ಯ. ವೆಂಡೆಲ್ ಜಾನ್ಸನ್ ಎಂಬಾತನು ಕ್ಯಾನ್ಸಸ್ ಪ್ರಾಂತದ ತರುಣ, ಬಹಳವಾಗಿ ಉಗ್ಗುತ್ತಿದ್ದವನು. 1926ರಲ್ಲಿ ಅವನು ಅಯೋವಾ ವಿಶ್ವವಿದ್ಯಾಲಯವನ್ನು ಸೇರಿದುದೇ ತನ್ನ ಉಗ್ಗಿಗೆ ಪರಿಹಾರವನ್ನು ಅರಸಿ. ಲೀ ಟ್ರಾವಿಸ್ ಎಂಬ ವಿದ್ವಾಂಸರು ಅಲ್ಲಿ ಮಿದುಳಿನ ಎಡಬಲ ಭಾಗಗಳ ಮೇಲಾಟವೇ ಉಗ್ಗಿಗೆ ಕಾರಣವೆಂದು ಊಹಿಸಿದ್ದರು. ಜಾನ್ಸನ್ನನು ಅವರ ಮಾತಿನಂತೆ ಬಲಗೈಯನ್ನು ಬಿಟ್ಟು ಎಡಗೈಯನ್ನು ರೂಢಿಸಿ ನೋಡಿದನು. ಉಗ್ಗು ಹೋಗಲಿಲ್ಲ. ಸ್ನಾತಕೋತ್ತರ ಪದವಿಗೆ ಅವನು ಬರೆದ ಪ್ರಬಂಧವು ತನ್ನ ಉಗ್ಗಿನ ಆತ್ಮಕಥೆಯೇ ಆಗಿತ್ತು. 1930ರಲ್ಲಿ ಅದು ‘ಬಿಕಾಸ್ ಐ ಸ್ಟಟರ್’ ಎಂಬ ಹೆಸರಿನಿಂದ ಅಚ್ಚಾಯಿತು. ಮಿಷಿಗನ್ನಿನಲ್ಲಿ ಹೆಸರಾದ ಚಾರ್ಲ್ಸ್ ವ್ಯಾನ್ ರೈಪರನೂ ಉಗ್ಗುವವನೇ. ಅವನೂ ಅಯೋವಾದಲ್ಲಿ ಓದಿದವನು. ಈ ವಿದ್ಯೆಯ ತಳಪಾಯದಲ್ಲಿ ಉಗ್ಗುವವರ ಕೈಗಳೇ ಕಲ್ಲಿಟ್ಟಿವೆ ಎಂದರೆ ಅತಿಶಯವಲ್ಲ.

ಆದರೆ ಉಗ್ಗಿದವನಿಗೆ ಉಗ್ಗಿನ ಮರ್ಮವು ತಾನಾಗಿ ತಿಳಿದುಬಿಡುವುದಿಲ್ಲ. ಜಾನ್ಸನ್ನನು ಮುಂದೆ ಪ್ರೊಫೆಸರನಾದ ಮೇಲೆ ಒಂದು ವಾದವನ್ನು ಹೂಡಿದನು: ಎಳೆಯ ಮಕ್ಕಳೆಲ್ಲರೂ ಆಗಾಗ ತಡವರಿಸುತ್ತಾರೆ, ಅದನ್ನು ದೋಷವೆಂದು ಹಿಡಿದು ತಿದ್ದುವ ತಂದೆತಾಯಿಗಳಿಂದಲೇ ಉಗ್ಗು ಹುಟ್ಟುತ್ತದೆ ಎಂದು. 1939ರಲ್ಲಿ ಅವನ ಶಿಷ್ಯೆ ಮೇರಿ ಟ್ಯೂಡರ್ ಎಂಬಾಕೆಯು ತನ್ನ ಸ್ನಾತಕೋತ್ತರ ಪ್ರಬಂಧಕ್ಕಾಗಿ ಡ್ಯಾವನ್‌ಪೋರ್ಟ್ ಎಂಬ ಊರಿನ ಅನಾಥಾಲಯದ 22 ಮಕ್ಕಳನ್ನು ಆರಿಸಿಕೊಂಡಳು. ಅವರಲ್ಲಿ ಸರಾಗವಾಗಿ ಮಾತನಾಡುತ್ತಿದ್ದ ಕೆಲವರಿಗೆ, ನಿಮ್ಮ ಮಾತಿನಲ್ಲಿ ಉಗ್ಗಿನ ಲಕ್ಷಣವಿದೆ, ಎಚ್ಚರದಿಂದಿರಿ ಎಂದು ಹೇಳಿ ನೋಡಿದಳು. ಆ ಮಕ್ಕಳು ಮಾತಿಗೇ ಹೆದರಿ ಮೌನವಾಗತೊಡಗಿದರು. ಪ್ರಬಂಧವು ಪುಸ್ತಕಾಲಯದಲ್ಲಿ ಕುಳಿತಿತು. 2001ರಲ್ಲಿ ವರ್ತಮಾನ ಪತ್ರಿಕೆಯೊಂದು ಇದನ್ನು ಬಯಲಿಗೆ ತಂದ ಮೇಲೆ ವಿಶ್ವವಿದ್ಯಾಲಯವು ಕ್ಷಮೆ ಕೇಳಿತು. 2007ರಲ್ಲಿ ಅಯೋವಾ ಸರ್ಕಾರವು ಪರಿಹಾರದ ಹಣವನ್ನು ಕೊಡಲು ಒಪ್ಪಿತು. ಅಷ್ಟರಲ್ಲಿ ಆ ಮಕ್ಕಳು ಮುದುಕರಾಗಿದ್ದರು. ಉತ್ತಮ ಅಂಕಗಳೂ ಗುರುಗಳ ಮೆಚ್ಚಿಕೆಯೂ ಇದನ್ನು ತಡೆಯಲಿಲ್ಲ.

ಜಾನ್ಸನ್ನನ ವಾದವನ್ನು ಈಗಿನ ವಿದ್ವಾಂಸರು ಒಪ್ಪುವುದಿಲ್ಲ. ಉಗ್ಗು ವಂಶದಲ್ಲಿ ಹರಿದು ಬರುವುದುಂಟು. ಮಾತನ್ನು ನಡೆಸುವ ಮಿದುಳಿನ ಭಾಗಗಳಲ್ಲಿಯೇ ವ್ಯತ್ಯಾಸವುಂಟು. ಗದರಿಕೆಯು ಅದನ್ನು ಹುಟ್ಟಿಸಲಾರದು, ಉಗ್ಗುವವನ ಭಯವನ್ನು ಹೆಚ್ಚಿಸಬಲ್ಲುದು ಅಷ್ಟೆ. ತರುಣನು ಇದನ್ನು ಫೋನಿನಲ್ಲಿ ತಂದೆಗೆ ವಿವರಿಸಿದನು. ಮುಗಿಸಲು ಬಹಳ ಹೊತ್ತಾಯಿತು. ತಂದೆಯು “ಹಂಗಾರೆ ನಮ್ಮ ತಾತ ಮೂಗು ಹಿಡಿದುಕೊಂಡು ಮಾತಾಡ್ತಿದ್ದುದು ಇದಕ್ಕೇ ಇರಬೇಕು” ಎಂದನು. ಆ ತಾತನ ವಿಚಾರವು ಮನೆಯಲ್ಲಿ ಅದುವರೆಗೆ ಯಾರ ಬಾಯಲ್ಲಿಯೂ ಬಂದಿರಲಿಲ್ಲ.

ಅಮೆರಿಕಾದಲ್ಲಿ ಈ ವೃತ್ತಿಯ ಪ್ರಮಾಣಪತ್ರಕ್ಕೆ 400 ಗಂಟೆಗಳ ಚಿಕಿತ್ಸಾನುಭವವನ್ನು ವಿಧಿಸಿದ್ದಾರೆ. ಅದರಲ್ಲಿ 25 ಗಂಟೆಗಳು ಬರಿಯ ವೀಕ್ಷಣೆಗೆ. ಹಲವೆಡೆ ಇವು ಪ್ರವೇಶಕ್ಕೆ ಮುಂಚೆಯೇ ಆಗಿರಬೇಕೆಂದು ಬಯಸುತ್ತಾರೆ. ಆ ದೊಡ್ಡ ಅರ್ಜಿಯಲ್ಲಿ ವೃತ್ತಿಗೆ ಅತಿ ಸಮೀಪವಾದ ಅಂಶವು ಇದೊಂದೇ ಎನ್ನಬೇಕು. ಉಳಿದುದೆಲ್ಲವೂ ಅರ್ಜಿದಾರನ ಮಾತು. ಇಲ್ಲಿ ಅವನು ಸುಮ್ಮನೆ ಕುಳಿತಿರಬೇಕು.

ಮೈಸೂರಿನಲ್ಲಿ ಹಾಗೆ ಕುಳಿತಿದ್ದಾಗ ಅವನು ಕಂಡವರಲ್ಲಿ ಲಕ್ವ ಹೊಡೆದ ನಿವೃತ್ತ ಉಪಾಧ್ಯಾಯರೊಬ್ಬರು. ಅವರಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಹೆಂಡತಿಯ ಹೆಸರು ಬರುತ್ತಿರಲಿಲ್ಲ. ಎರಡರ ಮಗ್ಗಿಯನ್ನು ಯಾರಾದರೂ ಆರಂಭಿಸಿದರೆ ಕಡೆಯವರೆಗೂ ಒಪ್ಪಿಸುತ್ತಿದ್ದರು. ಲೋಟವನ್ನು ತೋರಿಸಿ ಇದೇನೆಂದರೆ ಬಾಯಿ ಬಿಟ್ಟುಕೊಂಡು ಉಳಿಯುತ್ತಿದ್ದರು. ಬಾಯಿಪಾಠದ ಮಾತು ಒಂದು ದಾರಿಯಲ್ಲಿಯೂ ಹುಡುಕಿ ತರಬೇಕಾದ ಮಾತು ಬೇರೊಂದು ದಾರಿಯಲ್ಲಿಯೂ ಬರುವುದರಿಂದ ಹೀಗಾಗುತ್ತದೆ. ಚಿಕಿತ್ಸಕಿಯು ಲೋಟವನ್ನು ತೋರಿಸಿ ಕಾದಳು. ಹೆಂಡತಿಯು ತಡೆಯಲಾರದೆ ಹೇಳಹೊರಟಾಗ ಕೈಯೆತ್ತಿ ನಿಲ್ಲಿಸಿದಳು. ಹುಟ್ಟಿದಂದಿನಿಂದ ತನ್ನ ಮಾತನ್ನು ಇತರರು ಪೂರ್ತಿ ಮಾಡುವುದನ್ನು ದ್ವೇಷಿಸುತ್ತ ಬಂದ ತರುಣನು ತನ್ನ ತುಟಿಗಳೇ ‘ಲೋಟ’ ಎಂದು ಅಲುಗುತ್ತಿರುವುದನ್ನು ಆಗ ಕಂಡುಕೊಂಡನು. ಕಾಯುವುದು ಅವನಿಗೂ ಬರುತ್ತಿರಲಿಲ್ಲ. ಮುದುಕರು ಕಡೆಗೆ “ನೀರು” ಎಂದರು. ಚಿಕಿತ್ಸಕಿಯು ಅದನ್ನೇ ಒಪ್ಪಿಕೊಂಡು ಲೋಟದಲ್ಲಿ ನೀರು ತರಿಸಿ ಕೊಟ್ಟಳು.

ಚಿಕ್ಕಂದಿನಿಂದಲೂ ತನಗೆ ಸೇವೆಯ ಹಂಬಲವೆಂದು ಬರೆದಿದ್ದ ಮೊದಲ ಕರಡನ್ನು ಅವನು ಹರಿದುಹಾಕಿದನು. ಹೊಸ ಬರಹದಲ್ಲಿ ಉಪಾಧ್ಯಾಯರ ಹೆಸರನ್ನು ಮರೆಸಿ, ಆ ಲೋಟದ ಸಂಗತಿಯನ್ನು ಬರೆದನು. ತನ್ನ ತುಟಿ ಅಲುಗಿದುದನ್ನೂ ಬರೆದನು. ತಾನು ಉಗ್ಗುವವನೆಂಬುದು ಅದರೊಳಗೆ ಒಂದೇ ವಾಕ್ಯವಾಗಿ ಬಂತು. ಕನಿಕರಕ್ಕೂ ಕೀರ್ತಿಗೂ ಅಲ್ಲ, ಅದಿಲ್ಲದೆ ಉಳಿದುದು ಅರ್ಥವಾಗದೆಂಬ ಕಾರಣಕ್ಕೆ. ಅಧ್ಯಾಪಕಿಯು ಓದಿ, “ಇನ್ನು ನಾನು ನಿನ್ನ ಅಂಕಗಳನ್ನು ಬರೆದರೆ ಸಾಕು” ಎಂದರು.

ಎರಡು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹೋಯಿತು. ಒಂದು ನಿರಾಕರಿಸಿತು. ಇನ್ನೊಂದು ಒಪ್ಪಿತು, ಆದರೆ ಧನಸಹಾಯವಿಲ್ಲವೆಂದು ತಿಳಿಸಿತು, ಅಲ್ಲಿಯ ಶುಲ್ಕವು ಆ ಅಂಗಡಿಯ ಆದಾಯಕ್ಕೆ ನಿಲುಕುವಂತಹುದಲ್ಲ. ಪರೀಕ್ಷೆಯಲ್ಲಿ ಗುರುತು ಹಾಕಿದ ಉತ್ತರಗಳು ಅವನಿಗೆ ಮೈಸೂರಿನಲ್ಲಿ ಸ್ಥಾನವನ್ನು ಕೊಟ್ಟವು. ರಜೆಗೆ ಊರಿಗೆ ಹೋಗಿದ್ದಾಗ ತಂದೆಯು ಅಂಗಡಿಯ ಬಾಗಿಲನ್ನು ಓರೆಮಾಡಿ ಬಂದು, ಆ ಪುಟಗಳಲ್ಲಿ ಏನು ಬರೆದಿದ್ದಿ, ಕನ್ನಡದಲ್ಲಿ ಹೇಳು ಎಂದನು. ಹೇಳಿ ಮುಗಿಸುವ ಹೊತ್ತಿಗೆ ಸಂಜೆಯ ಗಿರಾಕಿಗಳು ಎರಡು ಸಲ ಬಂದು ಕೂಗಿ ಹೋಗಿದ್ದರು.