ಕಾರಿನ ಕೋಡೊಲೆ

ಕಾರಿನ ಹೀಟರಿಗೆ ಸ್ವಂತದ್ದೊಂದು ಬೆಂಕಿಯಿಲ್ಲ. ಇಂಧನ ಉರಿದಾಗ ಹುಟ್ಟುವ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಕೂಲಂಟ್, ಅಂದರೆ ಇಂಜಿನ್ನಿನ ಸುತ್ತ ಹರಿಯುವ ಗ್ಲೈಕಾಲ್ ಬೆರೆತ ನೀರು, ಹೊತ್ತೊಯ್ದು ರೇಡಿಯೇಟರಿನ ಮೂಲಕ ಗಾಳಿಗೆ ಬಿಡುತ್ತದೆ. ಹಾಗೆ ಪೋಲಾಗುವ ಬಿಸಿಯಲ್ಲಿ ಒಂದಿಷ್ಟನ್ನು ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ ಮರಿ ರೇಡಿಯೇಟರಿಗೆ, ಮೆಕ್ಯಾನಿಕ್‌ಗಳ ಮಾತಿನ ಹೀಟರ್ ಕಾಯಿಲಿಗೆ, ತಿರುಗಿಸಿ, ಅದರ ಮೇಲೆ ಬ್ಲೋವರಿನ ಗಾಳಿ ಹಾಯಿಸುವುದಷ್ಟೇ ಹೀಟರಿನ ಕೆಲಸ. ಹಳೆಯ ಅಡುಗೆಮನೆಗಳಲ್ಲಿ ದೊಡ್ಡ ಒಲೆಗೆ ಅಂಟಿಕೊಂಡಿದ್ದು, ಬೇರೆ ಸೌದೆ ಬೇಡದೆ ಉಳಿಕೆ ಉರಿಯಲ್ಲೇ ಸಾರನ್ನು ಬೆಚ್ಚಗಿಡುತ್ತಿದ್ದ ಕೋಡೊಲೆಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಇಷ್ಟು ಸರಳವಾದ ಉಪಾಯ ಕೈಗೂಡಲು ಮೋಟಾರು ಲೋಕಕ್ಕೆ ಕೆಲವು ದಶಕಗಳೇ ಬೇಕಾದವು. ಮೊದಮೊದಲ ಕಾರುಗಳು ಹೆಚ್ಚಾಗಿ ತೆರೆದ ಗಾಡಿಗಳಾಗಿದ್ದುದರಿಂದ ಚಳಿದೇಶದವರು ಕಾಲ ಬಳಿ ಕಾಯಿಸಿದ ಇಟ್ಟಿಗೆಯನ್ನೋ ಇದ್ದಿಲ ಪೆಟ್ಟಿಗೆಯನ್ನೋ ಇಟ್ಟುಕೊಂಡು, ಕಂಬಳಿ ಹೊದ್ದು ಕೂರುತ್ತಿದ್ದರು. ಹೊರಗಾಳಿಯನ್ನು ಸೋಸಿ, ಕೂಲಂಟಿನಿಂದ ಕಾಯಿಸಿ ಒಳಗೆ ತುಂಬುವ ವ್ಯವಸ್ಥೆಯನ್ನು ಅಮೆರಿಕದ ನ್ಯಾಶ್ ಕಂಪನಿ 1938ರಲ್ಲಿ ತಂದಿತು.

ಮುಂಬಯಿ-ಪುಣೆ ದಾರಿಯಲ್ಲಿರುವ, ಸಮುದ್ರಮಟ್ಟದಿಂದ ಸುಮಾರು 620 ಮೀಟರ್ ಎತ್ತರದ ಲೋಣಾವಳಾದಲ್ಲಿ ಕೈಕಾಲು ಮರಗಟ್ಟುವಂಥ ಚಳಿಯಿಲ್ಲದಿರುವುದರಿಂದ, ಹೀಟರಿನ ನೀಲಿ-ಕೆಂಪು ಗುಂಡಿಯನ್ನು ವರ್ಷವಿಡೀ ಮುಟ್ಟದವರೂ ಅಲ್ಲಿದ್ದಾರೆ. ಆದರೆ ಜುಲೈ ತಿಂಗಳಲ್ಲಿ ಮೋಡವೇ ರಸ್ತೆಗಿಳಿದು, ಒದ್ದೆ ಕೊಡೆ, ಒದ್ದೆ ಚಪ್ಪಲಿ, ನಾಲ್ಕು ಜನರ ಉಸಿರು ಎಲ್ಲ ಸೇರಿ ಗಾಜಿನ ಒಳಮೈಗೆ ಆವಿ ಹಿಡಿದಾಗ, ಎ.ಸಿ. ಒಣಗಿಸಿದ ಗಾಳಿಯನ್ನು ಬೆಚ್ಚಗೆ ಮಾಡಿ ಗಾಜಿಗೆ ಊದುವ ಹೀಟರಿನ ಬೆಲೆ ತಿಳಿಯುತ್ತದೆ. ಅದಕ್ಕೆ ಇನ್ನೂ ಒಂದು ಉಪಯೋಗವಿದೆ. 1830ರಲ್ಲಿ ಗಾಡಿರಸ್ತೆಯನ್ನೂ 1863ರಲ್ಲಿ, 37 ಅಡಿಗೆ ಒಂದಡಿ ಏರುವ ರೈಲುಹಾದಿಯನ್ನೂ ಕಂಡ, ಅದೇ ದಾರಿಯ ಬೋರ್‌ಘಾಟನ್ನು ಖೋಪೋಲಿಯ ಕಡೆಯಿಂದ ಹತ್ತುವಾಗ ಹಳೆಯ ಕಾರಿನ ಶಾಖಸೂಚಕದ ಮುಳ್ಳು ಕೆಂಪುಗೆರೆಯತ್ತ ಸರಿದರೆ, ಅನುಭವಿಗಳು ಬೇಸಿಗೆಯ ಬೆವರಿನಲ್ಲೂ ಹೀಟರನ್ನು ಪೂರ್ತಿ ತಿರುಗಿಸುತ್ತಾರೆ; ಮರಿ ರೇಡಿಯೇಟರೂ ಹೆಗಲು ಕೊಟ್ಟು ಇಂಜಿನ್ನಿನ ಶಾಖ ಕೊಂಚ ಇಳಿಯುತ್ತದೆ. ಒಳಗೆ ಕೂತವರು ಬೇಯುವುದು ಬೇರೆ ಮಾತು.

ಪುಣೆಯಲ್ಲಿ ನೆಲೆಸಿರುವ ಈ ಪ್ರಬಂಧದ ಲೇಖಕನ ಹಳೆಯ ಸಣ್ಣ ಕಾರು ಇಂಥದೇ ಒಂದು ಜುಲೈಯಲ್ಲಿ ಮುಂಬಯಿಯಿಂದ ಮರಳುತ್ತ ವಿಚಿತ್ರವಾಗಿ ವರ್ತಿಸಿತು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಬೆಚ್ಚಗೆ ಬರುತ್ತಿದ್ದ ಗಾಳಿ, ವಾಹನಗಳ ಸಾಲು ನಿಂತೊಡನೆ ತಣ್ಣಗಾಗುತ್ತಿತ್ತು. ಡ್ಯಾಶ್‌ಬೋರ್ಡಿನ ಹಿಂದೆ, ತಂಬಿಗೆಯಿಂದ ನೀರು ಬಗ್ಗಿಸಿದಂತೆ, ಗುಳುಗುಳು ಸದ್ದು. ನೋವಿನ ಮುಲಾಮಿನ ಜಾಹೀರಾತಿನಿಂದ ಹೆಸರು ಪಡೆದು, 2020ರಲ್ಲಿ ಕೆಡವಲ್ಪಟ್ಟ ಅಮೃತಾಂಜನ ಸೇತುವೆಯ ಜಾಗವನ್ನು ದಾಟುವಾಗ ಗಾಜನ್ನು ಒರೆಸುವ ಕೆಲಸ ಲೇಖಕನ ಹೆಂಡತಿಯ ಸೆರಗಿನ ಪಾಲಿಗೆ ಬಂದಿತ್ತು.

ತಣ್ಣನೆಯ ಹೀಟರಿನ ಪರೀಕ್ಷೆಗೆ ಮೊದಲ ಉಪಕರಣ ಅಂಗೈ. ಇಂಜಿನ್ ಕಾದ ಮೇಲೆ, ಫ್ಯಾನು ಬೆಲ್ಟುಗಳಿಂದ ಕೈ ದೂರವಿಟ್ಟು, ಹೀಟರ್ ಕಾಯಿಲಿಗೆ ಹೋಗುವ ಮತ್ತು ಅಲ್ಲಿಂದ ಮರಳುವ ಎರಡು ರಬ್ಬರ್ ಹೋಸ್‌ಗಳನ್ನು ನಾಡಿ ಹಿಡಿದಂತೆ ಮುಟ್ಟಿ ನೋಡಬೇಕು. ಎರಡೂ ಸುಡುತ್ತಿದ್ದು ಗಾಳಿ ಮಾತ್ರ ತಣ್ಣಗಿದ್ದರೆ, ಬಿಸಿ-ತಂಪು ಗಾಳಿಯನ್ನು ಬೆರೆಸುವ ಫ್ಲಾಪ್ ಎಂಬ ಪುಟ್ಟ ಕದವೋ ಅದನ್ನೆಳೆಯುವ ಕೇಬಲ್ಲೋ ಕೈಕೊಟ್ಟಿದೆ; ಒಂದು ಸುಟ್ಟು ಇನ್ನೊಂದು ತಣ್ಣಗಿದ್ದರೆ ಕಾಯಿಲಿನಲ್ಲಿ ಕೆಸರು ಕಟ್ಟಿದೆ, ಇಲ್ಲವೇ ನೀರು ಬಿಡುವ ವಾಲ್ವು ಮುಚ್ಚಿಕೊಂಡಿದೆ. ಎರಡೂ ಉಗುರುಬೆಚ್ಚಗಿದ್ದು ಮುಳ್ಳೂ ಮೇಲೇಳದಿದ್ದರೆ ಥರ್ಮೋಸ್ಟಾಟನ್ನು, ಅಂದರೆ ಕರಗಿ ಹಿಗ್ಗುವ ಮೇಣದ ಬಲದಿಂದ ರೇಡಿಯೇಟರಿನ ದಾರಿ ತೆರೆಯುವ ಬಿರಡೆಯನ್ನು, ಅನುಮಾನಿಸಬೇಕು. ಅದು ತೆರೆದೇ ಉಳಿದರೆ ಇಂಜಿನ್ ಕಾಯುವುದೇ ಇಲ್ಲ. ಮುಳ್ಳು ಏರುತ್ತಿರುವಾಗಲೇ ಹೀಟರ್ ತಣ್ಣಗಾಯಿತೆಂದರೆ ಮಾತ್ರ ಕಾರನ್ನು ಆ ಕ್ಷಣವೇ ಬದಿಗೆ ನಿಲ್ಲಿಸುವುದು ಲೇಸು, ಏಕೆಂದರೆ ಕೂಲಂಟ್ ಸೋರಿಹೋಗಿರುವ ಸಂಭವ ಹೆಚ್ಚು. ಕೋಡೊಲೆ ಆರಿದ್ದಕ್ಕೆ ಅದನ್ನೇ ಕೆದಕುತ್ತ ಕೂರುವವರು ದೊಡ್ಡ ಒಲೆಯತ್ತ ತಿರುಗಿ ನೋಡುವುದು ಸಾಮಾನ್ಯವಾಗಿ ತಡವಾಗಿಯೇ.

ಲೋಣಾವಳಾದಲ್ಲಿ ಸಿಕ್ಕ, ವಿಜಯಪುರದ ಕಡೆಯ ವಯಸ್ಸಾದ ಮೆಕ್ಯಾನಿಕ್ ಹೋಸ್‌ಗಳನ್ನು ಮುಟ್ಟಿ, ಸದ್ದಿಗೆ ಕಿವಿಗೊಟ್ಟು, "ಗಾಳಿ ಸಿಕ್ಕೊಂಡೈತ್ರಿ ಸಾಹೇಬ್ರ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಹಿಂದಿನ ವಾರ ಹೋಸ್ ಬದಲಾಯಿಸಿದವರು ಕೂಲಂಟನ್ನು ಅವಸರದಲ್ಲಿ ತುಂಬಿದ್ದರಿಂದ ಒಳಗುಳಿದ ಗಾಳಿ ಎತ್ತರದ ಕಾಯಿಲಿನಲ್ಲಿ ಸೇರಿಕೊಂಡು ನೀರಿನ ದಾರಿ ಕಟ್ಟಿತ್ತು. ಪಂಪು ಜೋರಾಗಿ ತಿರುಗಿದಾಗಷ್ಟೇ ನೀರು ಅದನ್ನು ತಳ್ಳಿಕೊಂಡು ಹಾಯುತ್ತಿತ್ತು. ಬಿಸಿಯಿರುವಾಗ ಮುಚ್ಚಳ ತೆರೆದರೆ ಒತ್ತಡದಲ್ಲಿರುವ ಕೂಲಂಟ್ ಮುಖಕ್ಕೇ ಚಿಮ್ಮುವುದರಿಂದ ಇಂಜಿನ್ ಆರುವವರೆಗೆ ಕಾದದ್ದಾಯಿತು. ಆ ಬಿಡುವಿನಲ್ಲಿ ಶೇಂಗಾ ಚಿಕ್ಕಿಯ ಒಂದು ಪೊಟ್ಟಣ ಖಾಲಿಯಾಯಿತು. ಬಳಿಕ ಕಾರನ್ನು ಇಳಿಜಾರಿನಲ್ಲಿ ಮೂತಿ ಮೇಲಾಗಿಸಿ ನಿಲ್ಲಿಸಿ, ರೇಡಿಯೇಟರಿನ ಬಾಯಿ ಎಲ್ಲಕ್ಕಿಂತ ಎತ್ತರಕ್ಕೆ ಬರುವಂತೆ ಮಾಡಿ, ಮುಚ್ಚಳ ತೆಗೆದು ಇಂಜಿನ್ ಚಾಲೂ ಮಾಡಿ, ಮೇಲಿನ ಹೋಸನ್ನು ಹಸುವಿನ ಕೆಚ್ಚಲಿನಂತೆ ಮೆಲ್ಲನೆ ಹಿಚುಕತೊಡಗಿದಾಗ ಹಸಿರು ಕೂಲಂಟಿನಲ್ಲಿ ಗುಳ್ಳೆಗಳು ಒಂದೊಂದಾಗಿ ಎದ್ದು ಒಡೆದವು. ಮಟ್ಟ ತಟ್ಟನೆ ಕುಸಿದು, ಮುಕ್ಕಾಲು ಲೀಟರಿನಷ್ಟು ಕೂಲಂಟ್ ಹೊಸದಾಗಿ ಹಿಡಿಸಿತು.

ಹೀಟರಿನಿಂದ ಮೊದಲು ಹಳೆಯ ಧೂಳಿನ ಕಮಟು, ಆಮೇಲೆ ನಿಜವಾದ ಬಿಸಿಗಾಳಿ ಬಂತು. ಗಾಜು ಕೆಳಗಿನಿಂದ ಮೇಲಕ್ಕೆ ಅರ್ಧಚಂದ್ರಾಕಾರದಲ್ಲಿ ತಿಳಿಯಾಗುತ್ತ ಹೋಗಿ, ಆಚೆ ನಿಂತಿದ್ದ ಮೆಕ್ಯಾನಿಕ್ ಬಟ್ಟೆಗೆ ಕೈ ಒರೆಸಿಕೊಳ್ಳುತ್ತಿರುವುದು ಕಾಣಿಸಿತು.